ಓದಿಸಿದ ಸಕ್ಕರೆ

ನಿಮ್ಮ ತಾತನ ಊರಿಗೆ ಮೊಹರಮ್ಮಿನ ಹೊತ್ತಿನಲ್ಲಿ ಹೋದವರಿಗೆಲ್ಲ ಬಾಬಯ್ಯನ ಗುಡಿಯ ಮುಂದೆ ಒಂದು ಚಿಟಿಕೆ ಸಕ್ಕರೆ ಕೊಡುತ್ತಾರೆ. ನೀವೂ ತಿಂದಿದ್ದೀರಿ. ಈ ಊರಲ್ಲಿ ಹಿಂದೂಗಳು, ಸಾಬರು ಎಂಬ ಭೇದವಿಲ್ಲ, ಹಿಂದೆ ತಾಲ್ಲೂಕಿನ ಅಮಲ್ದಾರರೇ ಬಂದು ಮೆಚ್ಚಿಕೊಂಡು ಹೋಗಿದ್ದಾರೆ ಎಂದು ಅಲ್ಲಿಯ ಹಿರಿಯರು ಹೇಳುವುದನ್ನೂ ಕೇಳಿದ್ದೀರಿ. ಅಮಲ್ದಾರರು ಬಂದಿದ್ದು ನಿಜ, ಮೆಚ್ಚಿಕೊಂಡಿದ್ದೂ ನಿಜ. ನಾನು ಆವತ್ತು ಅಲ್ಲಿದ್ದೆ. ನಾನು ಒಂದು ಮಾತು ಆಡಿದ್ದರೆ ಒಂದು ಮನೆಯವರು ಆ ಊರಲ್ಲೇ ಉಳಿಯುತ್ತಿದ್ದರು. ಆಡಲಿಲ್ಲ. ಬಾಯಿ ಬಿಟ್ಟು ಹೇಳುವುದು ನನಗೆ ಚಿಕ್ಕಂದಿನಿಂದ ಬಾರದು. ಕೂಲಿಮಠದಲ್ಲಿ ಮೂರು ವರ್ಷ ಅಕ್ಷರ ತಿದ್ದಿದವಳು, ಬರೆಯುವುದಾದರೆ ಬರೆಯಬಲ್ಲೆ.

ನನ್ನ ತವರು ಮಧುಗಿರಿಯ ಕಡೆ, ಬೆಟ್ಟದ ನೆರಳಿನ ಊರು. ಹದಿಮೂರಕ್ಕೆ ಮದುವೆ ಮಾಡಿ ಬರಗೂರಿನ ಆಚೆ ಈ ಊರಿಗೆ ಕೊಟ್ಟರು. ನಮ್ಮ ಮಾವ ಊರಿನ ಪಟೇಲರು. ಮನೆಯಲ್ಲಿ ಮಾವ, ಅತ್ತೆ, ನಿಮ್ಮ ತಾತ, ಮತ್ತು ನಿಮ್ಮ ತಾತನ ತಮ್ಮ. ಮೈದುನನಿಗೆ ಆಗ ನನ್ನದೇ ವಯಸ್ಸು. ಮನೆಯಲ್ಲಿ ನನ್ನ ಜೊತೆ ನಗುತ್ತ ಮಾತಾಡುತ್ತಿದ್ದವನು ಅವನೊಬ್ಬನೇ. ನಾನು ಯಾರ ಮುಂದೆಯೂ ತಲೆಯೆತ್ತುತ್ತಿರಲಿಲ್ಲ. ನೆಂಟರು ಬಂದರೆ ನೀರಿನ ಚೆಂಬು ಬಾಗಿಲ ಹತ್ತಿರ ಇಟ್ಟು ಒಳಗೆ ಓಡಿಬಿಡುತ್ತಿದ್ದೆ.

ನಮ್ಮ ಹಿತ್ತಲಿನ ಬೇಲಿಯಾಚೆ ಒಂದು ಓಣಿ, ಓಣಿಯಾಚೆ ಪಿಂಜಾರರ ಮನೆ. ಪಿಂಜಾರರೆಂದರೆ ಹತ್ತಿ ಎಕ್ಕುವ ಸಾಬರು. ಊರಲ್ಲಿ ಸಾಬರ ಮನೆಗಳು ಏಳೋ ಎಂಟೋ ಇದ್ದವು, ಹತ್ತಿ ಎಕ್ಕುವವನು ಅವನೊಬ್ಬನೇ. ಎಲ್ಲರೂ ಅವನನ್ನು ಸಾಬಣ್ಣ ಎನ್ನುತ್ತಿದ್ದರು, ಅವನ ಹೆಂಡತಿಯನ್ನು ಬೂಬಮ್ಮ ಎನ್ನುತ್ತಿದ್ದರು. ಬೂಬಮ್ಮ ಹತ್ತಿಯ ಬೀಜ, ಕಸ ಬಿಡಿಸಿ ಕೊಡುವಳು, ಅವನು ಆಳುದ್ದದ ಬಿಲ್ಲನ್ನು ಸೂರಿಗೆ ತೂಗುಹಾಕಿ ಅದರ ನರವನ್ನು ಕೊಡತಿಯಿಂದ ಮೀಟುವನು. ಹತ್ತಿ ನೊರೆಯ ಹಾಗೆ ಎದ್ದು ಕೂರುತ್ತಿತ್ತು. ಆ ಮನೆಯಲ್ಲಿ ಬೀಡಿ ಸೇದುವವರಿರಲಿಲ್ಲ. ಹತ್ತಿಯ ಕಸುಬು ಹಾಗೆ. ಬೂಬಮ್ಮ ಅಡುಗೆಯ ಒಲೆಯನ್ನೂ ಮನೆಯಿಂದ ಹತ್ತು ಹೆಜ್ಜೆ ದೂರ ಬೇವಿನ ಮರದಡಿಯಲ್ಲಿ ಹೂಡಿಕೊಂಡಿದ್ದಳು. ಮಳೆ ಬಂದ ದಿನ ಅವರಿಗೆ ತಂಗಳೇ ಗತಿ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಬೇಕಾದ ದಿನ ಯಾರೊಬ್ಬರೂ ಇದನ್ನು ನೆನೆಸಿಕೊಳ್ಳಲಿಲ್ಲ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕುಳ್ಳಿನ ಒಟ್ಟಿಲ ಹಿಂದೆ ನಿಂತು ಅಳುತ್ತಿದ್ದಾಗ ಬೂಬಮ್ಮ ಬೇಲಿಯಾಚೆಯಿಂದ ಮಾತಾಡಿಸುತ್ತಿದ್ದಳು. "ಯಾಕ್ ಸಣ್ಣಮ್ನೋರೆ, ಬೆಟ್ಟ ಕಾಣಲ್ಲ ಅಂತ ಅಳ್ತೀರಾ? ಬೆಟ್ಟಕ್ಕೇನು ಕಾಲೈತಾ ಓಡೋಗಕ್ಕೆ?" ಕೌದಿಗೆ ಹೊಲಿಗೆ ಹಾಕುವುದನ್ನು ನನಗೆ ಕಲಿಸಿದವಳು ಅವಳೇ, ಬೇಲಿಯ ಸಂದಿನಿಂದಲೇ.

ಸಕ್ಕರೆ ಓದಿಸುವುದೆಂದರೇನೆಂದು ಹೇಳಬೇಕು. ಮೊಹರಮ್ಮಿನಲ್ಲಿ ಬಾಬಯ್ಯನ ಗುಡಿಯಲ್ಲಿ ಬೆಳ್ಳಿಯ ಹಸ್ತಗಳನ್ನು ಕೂರಿಸುತ್ತಾರೆ, ಅವೇ ಬಾಬಯ್ಯ. ಆಮೇಲೆ ಅವನ್ನು ಹೊತ್ತು ಊರಲ್ಲಿ ಮೆರೆಸುತ್ತಾರೆ. ಹರಕೆ ಹೊತ್ತವರು, ನಮ್ಮವರಾಗಲಿ ಸಾಬರಾಗಲಿ, ಸಕ್ಕರೆ ಒಯ್ದು ಕೊಟ್ಟರೆ ಮುಲ್ಲಾ ಅದರ ಮೇಲೆ ಮಂತ್ರದಂತೆ ಏನೋ ಓದಿ ಹಿಂದಕ್ಕೆ ಕೊಡುತ್ತಾನೆ. ನಮ್ಮ ಮನೆಯಲ್ಲಿ ಲಿಂಗ ಕಟ್ಟಿಕೊಂಡವರು ಬೇರೆಯವರು ಮುಟ್ಟಿದ ಅನ್ನ ತಿನ್ನುತ್ತಿರಲಿಲ್ಲ. ಸಕ್ಕರೆ ಬೇಯಿಸಿದ್ದಲ್ಲ, ಅದಕ್ಕೆ ಮೈಲಿಗೆಯಿಲ್ಲ ಎಂದು ಎಲ್ಲರೂ ತಿನ್ನುತ್ತಿದ್ದರು. ಇಬ್ಬರು ಜಗಳವಾಡಿ ರಾಜಿಯಾಗಬೇಕಾದರೂ ಬಾಬಯ್ಯನ ಮುಂದೆ ನಿಂತು "ನನ್ನ ಮನಸಲ್ಲಿ ಏನೂ ಇಲ್ಲ" ಎಂದು ಹೇಳಿ ಓದಿಸಿದ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಬೇಕು. ತಪ್ಪು ಮಾಡಿದವನ ಗಂಟಲಲ್ಲಿ ಅದು ಇಳಿಯುವುದಿಲ್ಲ ಎಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

ನನಗೆ ಹದಿನೆಂಟಾಗಿದ್ದಾಗ ನಿಮ್ಮ ಅಪ್ಪ ಹೊಟ್ಟೆಯಲ್ಲಿ ಐದು ತಿಂಗಳು. ಬಾಣಂತನದ ಹಾಸಿಗೆಗೆಂದು ಅತ್ತೆ ಹತ್ತಿ ಎಕ್ಕಲು ಸಾಬಣ್ಣನನ್ನು ಕರೆಸಿದರು. ಅವನು ನಮ್ಮ ಮುಂದಿನ ಚಪ್ಪರದಲ್ಲಿ ಬಿಲ್ಲು ಹೂಡಿದ. ಮೊಹರಮ್ಮಿಗೆ ತಿಂಗಳಷ್ಟೇ ಉಳಿದಿತ್ತು. ಪೇಟೆಯ ಕಡೆಯಿಂದ ಬಂದವರು ಯಾರೋ ನಮ್ಮ ಮಾವನ ಕಿವಿಯಲ್ಲಿ ಏನೇನೋ ಊದಿ ಹೋಗಿದ್ದರು. ಜಗಲಿಯ ಮೇಲೆ ನಾಲ್ಕೈದು ಜನ ಕೂತಿದ್ದಾಗ ಮಾವ ಹೇಳಿದರು.

"ಲೇ ಸಾಬಣ್ಣ, ಈ ಸಲ ಬಾಬಯ್ಯನ್ನ ಬಸವಣ್ಣನ ಗುಡಿ ಮುಂದ್ಲಿಂದ ತರಬ್ಯಾಡ್ರಿ. ಕೆರೆ ದಾರೀಲಿ ತಗೊಂಡೋಗ್ರಿ."

ಸಾಬಣ್ಣ ಕೊಡತಿ ನಿಲ್ಲಿಸದೆಯೇ ಹೇಳಿದ. "ನಂಗ್ಯಾಕ್ ಹೇಳ್ತೀರಿ ಗೌಡ್ರೆ? ಬಾಬಯ್ಯನ್ನ ಹೊರೋರು ನಿಮ್ಮೋರು. ಕೆಂಡ ಹಾಯೋರು ನಿಮ್ಮೋರು. ಹುಲಿವೇಸ ಹಾಕ್ಕೊಂಡು ಕುಣಿಯೋನು ನಿಮ್ಮ ಸಣ್ಮಗ. ನಮ್ದೇನಿದ್ರೂ ಸಕ್ರೆ ಓದೋದು. ನಿಮ್ಮೋರಿಗೇ ಹೇಳ್ಕಳಿ."

ಕೂತವರು ನಕ್ಕರು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಅವನಿಗೆ ನಾಲಗೆ ಉದ್ದ.

"ಹೋದ್ ವರ್ಸ ಮೊಮ್ಮಗ ಬೇಕು ಅಂತ ಬಾಬಯ್ಯನ ಮುಂದೆ ಅಡ್ಡ ಬಿದ್ದೋರು ಯಾರು, ನಾನಾ? ಈಗ ಸೊಸೆ ಬಸ್ರಿ. ಕೆಲ್ಸ ಆಯ್ತು, ದಾರಿ ಬದಲಾಯ್ಸು ಅಂತೀರಾ?"

ಈ ಸಲ ಜೋರಾಗಿ ನಕ್ಕರು. ಬಾಗಿಲ ಹಿಂದೆ ಇದ್ದ ನನಗೂ ನಗು ಬಂತು, ನಾಚಿಕೆಯೂ ಆಯಿತು. ಮಾವನ ಮುಖ ಕೆಂಪಾಯಿತು. "ಸಾಕು, ಬಿಲ್ಲು ಎತ್ತು" ಎಂದರು. ಅವನು ಬಿಲ್ಲು ಬಿಚ್ಚಿದ. ಎಕ್ಕದೆ ಉಳಿದ ಹತ್ತಿಯನ್ನು ಮನೆಯಲ್ಲೇ ಮುಗಿಸಿ ತರುತ್ತೇವೆಂದು ಬೂಬಮ್ಮ ಗಂಟು ಕಟ್ಟಿಕೊಂಡಳು. ಹೊರಡುವಾಗ ಅವನು ಜಗಲಿಯವರ ಕಡೆ ತಿರುಗಿ, "ಹತ್ತಿಗೂ ಗೌಡ್ರಿಗೂ ಕಿಡಿ ತಾಕಿಸ್ಬಾರ್ದು ಕಣ್ರಪ್ಪಾ" ಎಂದ. ನಗಿಸಲಿಕ್ಕೆಂದು ಆಡಿದ ಮಾತು. ನಕ್ಕರು.

ಅದೇ ದಿನ ಮಧ್ಯಾಹ್ನ ಊಟವಾಗಿ ಮನೆಯವರೆಲ್ಲ ಮಲಗಿದ್ದರು. ನಾನು ಕುಳ್ಳು ತರಲು ಹಿತ್ತಲಿಗೆ ಹೋದೆ. ರಾಗಿ ಹುಲ್ಲಿನ ಬಣವೆಯ ಹಿಂದೆ ಮೈದುನ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ನನ್ನನ್ನು ಕಂಡು ಬೆಚ್ಚಿದ, ಆಮೇಲೆ ನಕ್ಕ. ಬೀಡಿಯನ್ನು ಬಣವೆಯ ಬುಡದ ಹುಲ್ಲುಪುಡಿಯಲ್ಲಿ ಹಾಕಿ ಹಿಮ್ಮಡಿಯಿಂದ ಒತ್ತಿದ. ವಾಸನೆ ಹೋಗಲೆಂದು ಹುಣಸೆಚಿಗುರು ಕಿತ್ತು ಬಾಯಿಗೆ ತುಂಬಿಕೊಂಡ.

"ಅತ್ಗೆ, ಅಪ್ಪಂಗೆ ಹೇಳ್ಬುಟ್ಟೀಯ."

"ಹೇಳಲ್ಲ ಹೋಗಪ್ಪ" ಎಂದೆ.

ನಾನು ಕುಳ್ಳು ಒಳಗಿಟ್ಟು, ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂತೆ. ಅರ್ಧ ಮೊರ ಆಗುವ ಹೊತ್ತಿಗೆ ಹೊಗೆಯ ವಾಸನೆ ಬಂತು. ಹೊರಗೆ ಓಡಿಬರುವಷ್ಟರಲ್ಲಿ ಬಣವೆ ಒಂದೇ ಉರಿಯಾಗಿತ್ತು. ಅದರ ಪಕ್ಕದ ಗೂಟಕ್ಕೆ ಜೋಡೆತ್ತು ಕಟ್ಟಿದ್ದರು. ಒಂದು ಹಗ್ಗ ಕಿತ್ತುಕೊಂಡು ಓಡಿತು. ಇನ್ನೊಂದು ಕಿತ್ತುಕೊಳ್ಳಲಾಗಲಿಲ್ಲ. ಅದು ಕೂಗಿದ ರೀತಿಯನ್ನು ಬರೆಯುವುದಿಲ್ಲ. ಮೈದುನ ಉರಿಯೊಳಗೆ ನುಗ್ಗಿ ಹಗ್ಗ ಕತ್ತರಿಸಲು ಹೋದ. ಅವನ ಬಲಗೈ ಮೊಣಕೈಯವರೆಗೆ ಬೆಂದಿತು. ಸಂಜೆ ಎತ್ತು ಸತ್ತಾಗ ಅದರ ಕುತ್ತಿಗೆಯ ಮೇಲೆ ಬಿದ್ದು ಮಗುವಿನ ಹಾಗೆ ಅತ್ತ.

ಯಾರು ಮೊದಲು ಹೇಳಿದರೋ ಗೊತ್ತಿಲ್ಲ. "ಬೆಳಿಗ್ಗೇನೇ ಕಿಡಿ ಮಾತು ಆಡ್ದ ಸಾಬಿ" ಎಂದರು ಒಬ್ಬರು. ಅವನ ಮನೆ ಓಣಿಯಾಚೆ, ಒಂದು ನೆಗೆತದ ದೂರ ಎಂದರು ಇನ್ನೊಬ್ಬರು. ಹೊತ್ತು ಮುಳುಗುವಷ್ಟರಲ್ಲಿ ಊರಿಗೆಲ್ಲ ಅದು ಕಣ್ಣಾರೆ ಕಂಡ ಸಂಗತಿಯಾಗಿತ್ತು.

ಮಾರನೆಯ ಬೆಳಿಗ್ಗೆ ರಾಗಿ ಬೀಸುವಾಗ ಅತ್ತೆಗೆ ಹೇಳಿದೆ. ಮೈದುನ ಬಣವೆಯ ಹಿಂದೆ ಬೀಡಿ ಸೇದುತ್ತಿದ್ದ, ಬುಡದಲ್ಲೇ ಹಾಕಿ ಕಾಲಲ್ಲಿ ಒತ್ತಿದ ಎಂದೆ. ಅತ್ತೆಯ ಕೈ ನಿಂತಿತು.

"ಇನ್ಯಾರಿಗಾರ ಹೇಳಿದ್ಯಾ?"

"ಇಲ್ಲ ಅತ್ತೆಮ್ಮ."

"ನಿನ್ ಮೈದ್ನಂಗೆ?"

"ಇಲ್ಲ."

"ಆರ್ಸಿದ್ದ ಅಂತ ನೀನೇ ಅಂತೀಯ. ಆರ್ಸಿದ ಮ್ಯಾಲೆ ಅದ್ರಿಂದೆಂಗೆ ಹತ್ತೀತು? ಸುಮ್ಕಿರು. ಎತ್ತು ಸತ್ತ ಸಂಕ್ಟದಲ್ಲಿ ನಿಮ್ಮಾವ ಅವನನ್ನ ಕೊಂದೇ ಬುಡ್ತಾನೆ."

ಬೀಸುವ ಕಲ್ಲು ಮತ್ತೆ ತಿರುಗಿತು. ಅಷ್ಟು ಹೊತ್ತು ಬೀಸಿದರೂ ಅವರು ಆವತ್ತು ಹಾಡು ಹೇಳಲಿಲ್ಲ.

ಆ ವಾರ ನಡೆದದ್ದನ್ನು ಚಿಕ್ಕದಾಗಿ ಬರೆಯುತ್ತೇನೆ. ನಮ್ಮ ಕಡೆಯ ಹುಡುಗರು ಸಾಬಣ್ಣನನ್ನು ಕೆರೆ ಏರಿಯ ಮೇಲೆ ಹೊಡೆದರು. ಪಕ್ಕದ ಊರಿನಿಂದ ಸಾಬರು ದೊಣ್ಣೆ ಹಿಡಿದು ಬಂದರು. ನಮ್ಮ ಗುಡಿಯ ಪೂಜಾರಪ್ಪನ ಭುಜ ಮುರಿಯಿತು, ಸಾಬರಲ್ಲಿ ಒಬ್ಬ ಮುದುಕನ ಒಂದು ಕಣ್ಣು ಹೋಯಿತು. ಬಾಬಯ್ಯನ ಗುಡಿಯ ಬಾಗಿಲಿಗೆ ಯಾರೋ ಸಗಣಿ ಬಳಿದರು. ವರ್ಷವೂ ಬಾಬಯ್ಯನನ್ನು ಹೊರುತ್ತಿದ್ದವರೇ ಬಳಿದರು ಎಂದು ಆಮೇಲೆ ತಿಳಿಯಿತು. ಸಿರಾದಿಂದ ಪೊಲೀಸಿನವರು ಬಂದು ಎರಡೂ ಕಡೆಯವರನ್ನು ಕೂರಿಸಿ ಹೆಸರು ಬರೆದುಕೊಂಡರು.

ಆಮೇಲೆ ಅಮಲ್ದಾರರಿಂದ ಹುಕುಂ ಬಂತು. ಕೋರ್ಟು ಕಚೇರಿ ಬೇಡ, ಊರಿನವರು ಊರಿನ ಪದ್ಧತಿಯಂತೆ ರಾಜಿಯಾಗಬೇಕು. ತಾವೇ ಖುದ್ದಾಗಿ ಬರುತ್ತೇವೆ. ಬಾಬಯ್ಯನ ಗುಡಿಯ ಮುಂದೆ ಎರಡೂ ಕೋಮಿನವರು ಸೇರಿ ಸಕ್ಕರೆ ಹಂಚಿಕೊಳ್ಳಬೇಕು. ರಾಜಿಯಾದರೆ ಮೊಹರಂ ನಡೆಯಬಹುದು, ಯಾರ ಮೇಲೂ ಕೇಸಿಲ್ಲ. ಊರು ಉಸಿರು ಬಿಟ್ಟಿತು. ನಾನೂ ಬಿಟ್ಟೆ.

ಸಭೆಯ ಹಿಂದಿನ ದಿನ ಬೂಬಮ್ಮ ಬೇಲಿಯ ಹತ್ತಿರ ಬಂದಳು. ಬೆಂಕಿಯಾದ ಮೇಲೆ ಅವಳನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಹಸಿರು ಸೀರೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು.

"ಸಣ್ಣಮ್ನೋರೆ, ಆವತ್ತು ನಾ ನಮ್ ಜಗಲೀಲಿ ಹತ್ತಿ ಬಿಡಿಸ್ತಿದ್ದೆ. ನಿಮ್ಮ ಹತ್ತೀನೇ. ನೀವು ಕುಳ್ಳಿಗೆ ಬಂದಿದ್ದೂ ಕಂಡೆ, ನಿಮ್ಮ ಮೈದ್ನ ಬಣವೆ ಹಿಂದೆ ಬೀಡಿ ಸೇದಿ ಹೋಗಿದ್ದೂ ಕಂಡೆ."

"ನಾ ಹೇಳಿದ್ರೆ, ಗಂಡನ್ನ ಉಳಿಸ್ಕಳಕ್ಕೆ ಕತೆ ಕಟ್ತಾಳೆ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ. ಬೆಂಕಿ ಹಾಕ್ದ ಅಂತ ಹೇಳ್ಬ್ಯಾಡ್ರಿ. ಪಾಪ, ಹಾಕಿಲ್ಲ ಅವ್ನು. ಬೀಡಿ ಸೇದ್ತಿದ್ದ ಅಂತ ಒಂದ್ ಮಾತು ಹೇಳ್ರಿ, ಸಾಕು."

"ನಾಳೆ ಸಕ್ಕರೆ ಓದಿಸ್ತಾರಲ್ಲ ಬೂಬಮ್ಮ. ಬಾಬಯ್ಯನೇ ತೋರಿಸ್ಕೊಡ್ತಾನೆ" ಎಂದೆ.

"ಬಾಬಯ್ಯ ಬಾಯಿ ಬುಟ್ಟು ಮಾತಾಡ್ತಾನಾ? ನೀವು ಮಾತಾಡ್ತೀರಿ" ಎಂದಳು. ಒಳಗಿನಿಂದ ಅತ್ತೆ ಕೂಗಿದರು. ನಾನು ಹೋಗಿಬಿಟ್ಟೆ.

ನಾನು ತಪ್ಪಿಸಿಕೊಳ್ಳಲು ಆಡಿದ ಮಾತೆಂದು ನಿಮಗೆ ಅನ್ನಿಸಬಹುದು. ಅರ್ಧ ಹಾಗೆಯೇ. ಇನ್ನರ್ಧ ನಿಜವಾಗಿಯೂ ನಂಬಿದ್ದೆ. ಮೈದುನನ ಗಂಟಲಲ್ಲಿ ಸಕ್ಕರೆ ನಿಲ್ಲುತ್ತದೆ, ಕೆಮ್ಮು ಬರುತ್ತದೆ, ಎಲ್ಲರ ಮುಂದೆ ಅವನೇ ಒಪ್ಪಿಕೊಳ್ಳುತ್ತಾನೆ, ಅಮಲ್ದಾರರ ಎದುರಿಗೆ ಮಾವ ಅವನನ್ನು ಹೊಡೆಯಲಾರರು ಎಂದೆಲ್ಲ ಲೆಕ್ಕ ಹಾಕಿದ್ದೆ. ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋಗುವ ದಾರಿ ಅದೊಂದೇ ಇತ್ತು.

ಬಾಬಯ್ಯನ ಗುಡಿಯ ಮುಂದೆ ಚಪ್ಪರ ಹಾಕಿ ಮಾವಿನ ತೋರಣ ಕಟ್ಟಿದ್ದರು. ಬಾಗಿಲ ಸಗಣಿಯನ್ನು ತೊಳೆದು ಸುಣ್ಣ ಬಳಿದಿದ್ದರು. ಮಹಾರಾಜರ ಪಟಕ್ಕೆ ಚೆಂಡುಹೂವಿನ ಹಾರ. ನಮ್ಮವರು ಎಡಗಡೆ, ಸಾಬರು ಬಲಗಡೆ ಕೂತರು. ಹಾಗೆ ಬೇರೆ ಬೇರೆ ಕೂತದ್ದನ್ನು ಆ ಊರಲ್ಲಿ ನಾನು ಕಂಡದ್ದು ಅದೇ ಮೊದಲು. ಹೆಂಗಸರಿಗೆ ಎದುರು ಮನೆಯ ಜಗಲಿ. ನಾನು ಕಂಬದ ಹಿಂದೆ ಕೂತೆ, ನನಗೆ ಎಲ್ಲ ಕಾಣುತ್ತಿತ್ತು.

ಅಮಲ್ದಾರರು ಒಳ್ಳೆಯವರು. ಗಟ್ಟಿಯಾಗಿ, ಪುಸ್ತಕದ ಕನ್ನಡದಲ್ಲಿ ಮಾತಾಡಿದರು. ಮಹಾಪ್ರಭುಗಳಿಗೆ ಎಲ್ಲ ಮತದ ಪ್ರಜೆಗಳೂ ಒಂದೇ ಎಂದರು. ಪರಸ್ಪರ ಸೌಹಾರ್ದವೇ ಸಂಸ್ಥಾನದ ಭೂಷಣ ಎಂದರು. ನನ್ನ ಪಕ್ಕದಲ್ಲಿದ್ದ ಮುದುಕಿ ಕೇಳಿದಳು.

"ಏನಂದ್ರೇ ಅದು, ಸೌದೆ?"

"ಸೌದೆ ಅಲ್ಲ ಕಣಜ್ಜಿ. ಜಗಳ ಆಡ್ಬ್ಯಾಡ್ರಿ ಅಂತವ್ರೆ."

"ಅಷ್ಟು ಹೇಳಕ್ಕೆ ಸಿರಾದಿಂದ ಬರ್ಬೇಕಿತ್ತಾ?"

ಹೆಂಗಸರು ಸೆರಗಿನಲ್ಲಿ ನಕ್ಕರು. ಆ ಎರಡು ವಾರದಲ್ಲಿ ಯಾರಾದರೂ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಮುಲ್ಲಾ ಹಿತ್ತಾಳೆ ಹರಿವಾಣದ ಸಕ್ಕರೆಯ ಮೇಲೆ ಓದಿದ. ಶಾನುಭೋಗರು ರಾಜಿಪತ್ರ ಓದಿದರು. ಆದದ್ದು ಆಯಿತು, ಯಾರು ಮಾಡಿದರು ಎಂದು ಕೆದಕಬಾರದು, ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಎಂದು ಪ್ರತಿಯೊಬ್ಬರೂ ಹೇಳಿ ಸಕ್ಕರೆ ತೆಗೆದುಕೊಳ್ಳತಕ್ಕದ್ದು. ಮೊದಲು ಮಾವ ಎದ್ದು ಹೇಳಿ ತಿಂದರು. ಕಣ್ಣು ಹೋದ ಮುದುಕ ಬಟ್ಟೆ ಕಟ್ಟಿಕೊಂಡೇ ಬಂದು ತಿಂದ. ನಿಮ್ಮ ತಾತ ತಿಂದರು. ಆಮೇಲೆ ಮೈದುನ ಎದ್ದ. ಬಲಗೈಗೆ ಇನ್ನೂ ಬಾಳೆಯೆಲೆ ಕಟ್ಟಿತ್ತು, ಎಡಗೈ ಚಾಚಿದ. ಮುಲ್ಲಾ ಪರವಾಗಿಲ್ಲ ಎಂದು ಕೊಟ್ಟ.

ನಾನು ಕಂಬವನ್ನು ಹಿಡಿದುಕೊಂಡಿದ್ದೆ.

"ನನ್ ಮನ್ಸಲ್ಲಿ ಏನೂ ಇಲ್ಲ" ಎಂದ. ಬಾಯಿಗೆ ಹಾಕಿಕೊಂಡ. ನುಂಗಿದ. ಅಂಗೈಗೆ ಅಂಟಿದ್ದನ್ನು ನೆಕ್ಕಿ, ಪಂಚೆಗೆ ಕೈ ಒರೆಸಿಕೊಂಡು ಹೋಗಿ ಕೂತ. ಕೆಮ್ಮಲಿಲ್ಲ.

ಸಾಬಣ್ಣನ ಸರದಿ ಬಂತು. ತುಟಿಯ ಗಾಯ ಇನ್ನೂ ಆರಿರಲಿಲ್ಲ. ಮುಲ್ಲಾ ಸಕ್ಕರೆ ಮುಂದೆ ಹಿಡಿದ. ಅವನು ಕೈ ಚಾಚಲಿಲ್ಲ.

"ತಗೊಳ್ಳಪ್ಪಾ" ಎಂದರು ಅಮಲ್ದಾರರು.

"ಮನ್ಸಲ್ಲಿ ಏನೂ ಇಲ್ಲ ಅಂತ ಹೇಳ್ಬೇಕಲ್ಲ ಸ್ವಾಮಿ. ನನ್ ಮನ್ಸಲ್ಲಿ ಐತೆ. ಮಾಡ್ದೇ ಇರೋದಕ್ಕೆ ಹೊಡೆದ್ರು. ಎತ್ತು ಸುಟ್ಟೋನು ಅಂತ ನನ್ ಮಕ್ಕಳನ್ನ ಬಾವಿ ತಾವಿಂದ ಓಡ್ಸಿದ್ರು. ಹೊಟ್ಟೆ ಉರೀತೈತೆ. ಇಲ್ಲ ಅಂತ ಹೇಳಿ ಓದ್ಸಿದ ಸಕ್ರೆ ಬಾಯಿಗೆ ಹಾಕ್ಕಳದೆಂಗೆ?"

ಮುಲ್ಲಾ ಅವನ ಕಿವಿಯಲ್ಲಿ ಏನೋ ಹೇಳಿದ. ಸಾಬರ ಹಿರಿಯರೂ ಹೇಳಿದರು, "ತಿಂದ್ಬುಡೋ, ಎಲ್ರಿಗೂ ಒಳ್ಳೇದಾಗ್ತೈತೆ." ಅವನು ತಲೆಯಾಡಿಸಿದ. "ಯಾರು ಮಾಡಿದ್ರು ಅಂತ ಕೇಳ್ರಿ ಸ್ವಾಮಿ. ಗೊತ್ತಾದ ಮ್ಯಾಲೆ ತಿಂತೀನಿ."

ಅಮಲ್ದಾರರು ಸುತ್ತ ನೋಡಿದರು. "ಯಾರಾದರೂ ಕಂಡವರು ಇದ್ದೀರೇನು?" ಎಂದು ಕೇಳಿದರು. ಗಂಡಸರನ್ನು ನೋಡಿ ಕೇಳಿದರು, ಆಮೇಲೆ ಜಗಲಿಯ ಕಡೆಗೂ ಒಮ್ಮೆ ತಿರುಗಿದರು. ಬೂಬಮ್ಮ ಜಗಲಿಯ ಆಚೆ ತುದಿಯಲ್ಲಿ ಸಾಬರ ಹೆಂಗಸರ ಜೊತೆ ಕೂತಿದ್ದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದರೆ ಜನ ನನ್ನನ್ನು ಗುರುತಿಸುತ್ತಾರೆಂದು ನೋಡಲಿಲ್ಲವೆಂದು ನನಗೆ ತಿಳಿದಿತ್ತು. ಅತ್ತೆ ನನ್ನ ಮೊಣಕಾಲ ಮೇಲೆ ಕೈ ಇಟ್ಟರು. ಒತ್ತಲಿಲ್ಲ, ಬರೀ ಇಟ್ಟರು. ಒಂದು ಕಾಗೆ ಹರಿವಾಣದ ಹತ್ತಿರ ಬಂತು, ಯಾರೋ ಓಡಿಸಿದರು. ಅಷ್ಟು ಹೊತ್ತು ಸಮಯವಿತ್ತು. ಏಳಬೇಕೆಂದು ಅಂದುಕೊಂಡೆ. ಏಳಲಿಲ್ಲ.

"ಕಂಡವರು ಯಾರೂ ಇಲ್ಲವಪ್ಪ" ಎಂದರು ಅಮಲ್ದಾರರು.

ಆಗ ನಮ್ಮ ಕಡೆಯಿಂದ ಒಬ್ಬರು ಮೆಲ್ಲಗೆ ಹೇಳಿದರು, "ನೋಡುದ್ರಾ, ಅವ್ನ ಗಂಟ್ಲಲ್ಲಿ ಇಳಿಯಲ್ಲ ಅಂತ ಅವ್ನಿಗೇ ಗೊತ್ತೈತೆ." ಆ ಮಾತು ಎಡಗಡೆಯಿಂದ ಬಲಗಡೆಗೆ ಹೋದದ್ದನ್ನು ನಾನು ನೋಡಿದೆ. ಸಾಬರ ಮುಖವೂ ಬದಲಾಯಿತು. ಅವರೂ ಆ ಸಕ್ಕರೆಯನ್ನು ನಂಬಿದವರೇ. ಅಷ್ಟು ದಿನ ಅವನಿಗಾಗಿ ದೊಣ್ಣೆ ಹಿಡಿದವರು ಅವನಿಂದ ಒಂದು ಮೊಳ ಸರಿದು ಕೂತರು.

ಅಲ್ಲಿಗೆ ಎರಡು ಕಡೆಗೂ ಸಮಾಧಾನವಾಯಿತು. ತಪ್ಪು ಮಾಡಿದವನು ಯಾರೆಂದು ತಿಳಿಯಿತು, ಅವನೊಬ್ಬನೇ, ಮಿಕ್ಕವರ ಮೇಲೆ ಮಿಕ್ಕವರಿಗೆ ಸಿಟ್ಟಿಲ್ಲ. ಮುಲ್ಲಾ ಮತ್ತು ಪೂಜಾರಪ್ಪ ಅಪ್ಪಿಕೊಂಡರು, ಮುರಿದ ಭುಜಕ್ಕೆ ತಾಕದ ಹಾಗೆ. ಅಮಲ್ದಾರರು ಚಪ್ಪಾಳೆ ತಟ್ಟಿದರು. ಸಾಬಣ್ಣ ಎದ್ದು ಮನೆಗೆ ಹೋದದ್ದನ್ನು ಯಾರೂ ತಡೆಯಲಿಲ್ಲ.

ಕಡೆಗೆ ಹರಿವಾಣ ಹೆಂಗಸರ ಕಡೆ ಬಂತು. ಬೂಬಮ್ಮ ಗಂಡನ ಹಿಂದೆಯೇ ಹೋಗಿದ್ದಳು. ನಾನು ಬಲಗೈ ಚಾಚಿದೆ. "ನನ್ನ ಮನಸಲ್ಲಿ ಏನೂ ಇಲ್ಲ" ಎಂದೆ. ಹೊಸದಾಗಿ ಬಾಯಿ ಬಂದವಳ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಿದೆ. ಸಕ್ಕರೆ ಸಿಹಿಯಾಗಿಯೇ ಇತ್ತು. ಗಂಟಲಲ್ಲಿ ಇಳಿಯಿತು. ಮನೆಗೆ ಬಂದು ಅತ್ತೆ ಸೀರೆ ಬದಲಾಯಿಸಿದಾಗ ಬಿಚ್ಚಿಟ್ಟ ಸೀರೆಯ ಸೆರಗಿನ ಗಂಟಿಗೆ ಇರುವೆಗಳು ಮುತ್ತಿದ್ದವು. ಅವರು ತಿಂದಿರಲಿಲ್ಲ.

ಆಮೇಲೆ ಊರಲ್ಲಿ ಒಂದು ಕಲ್ಲೂ ಯಾರ ಮೇಲೂ ಬೀಳಲಿಲ್ಲ. ಮೊಹರಂ ಚೆನ್ನಾಗಿ ನಡೆಯಿತು. ಬಸವಣ್ಣನ ಗುಡಿಯ ಮುಂದಿನಿಂದಲೇ ಬಾಬಯ್ಯ ಹೋದ. ಮಾವನೇ ನಿಂತು ಕಾಯಿ ಒಡೆದರು. ಸಾಬಣ್ಣನಿಗೆ ಮಾತ್ರ ಯಾರೂ ಹತ್ತಿ ಕೊಡಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. ಅವನು ಬಿಲ್ಲು ಹೊತ್ತು ಓಣಿಯಲ್ಲಿ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಾಬರ ಬಾವಿಕಟ್ಟೆಯಲ್ಲಿ ಬೂಬಮ್ಮ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಬೇವಿನ ಮರದಡಿಯ ಒಲೆಯಲ್ಲಿ ಹೊಗೆ ಏಳದ ದಿನಗಳನ್ನು ನಾನು ಹಿತ್ತಲಿನಿಂದ ನೋಡುತ್ತಿದ್ದೆ. ಒಂದು ಸಲ ರಾಗಿಹಿಟ್ಟು ಮಡಿಲಲ್ಲಿ ಕಟ್ಟಿಕೊಂಡು ಬೇಲಿಯ ಹತ್ತಿರ ಹೋದೆ. ಬೂಬಮ್ಮ ನನ್ನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರು ಸಾಮಾನು ಕಟ್ಟಿದರು. ಪಾವಗಡದ ಕಡೆ ಬೂಬಮ್ಮನ ಅಣ್ಣನಿದ್ದ, ಅಲ್ಲಿಗೆ ಎಂದು ಕೇಳಿದೆ. ಹೊರಡುವ ಮುಂಚೆ ಅವಳು ಓಣಿಗೆ ಬಂದು ಹತ್ತಿಯ ಗಂಟನ್ನು ಬೇಲಿಯ ಮೇಲಿಂದ ನಮ್ಮ ಹಿತ್ತಲಿಗೆ ಇಳಿಸಿದಳು. ಎಲ್ಲವನ್ನೂ ಎಕ್ಕಿ ಮುಗಿಸಿದ್ದರು. ಒಂದು ಬೀಜವೂ ಉಳಿದಿರಲಿಲ್ಲ.

"ಬಿಗಿಯಾಗಿ ತುಂಬಿಸ್ಬ್ಯಾಡ್ರಿ, ಕೂಸಿಗೆ ಒತ್ತುತೈತೆ" ಎಂದಳು.

"ಬೂಬಮ್ಮ" ಎಂದೆ.

"ನಿಮ್ಮೆಸ್ರು ನಾ ಎಲ್ಲೂ ಎತ್ತಿಲ್ಲ. ಅವ್ರಿಗೂ ಹೇಳಿಲ್ಲ, ನೀವು ಕಂಡಿದ್ರಿ ಅಂತ" ಎಂದಳು. ಅವರು ಎಂದರೆ ಅವಳ ಗಂಡ. "ಹೇಳಿದ್ರೆ ಆವತ್ತು ಸಭೇಲಿ ನಿಮ್ಮನ್ನ ಎಬ್ಬಿಸಿ ಕೇಳ್ತಿದ್ರು. ಬಸ್ರಿ ಹೆಂಗ್ಸು, ಬೆದ್ರಿ ಏನಾರ ಆದ್ರೆ ಅಂತ ಸುಮ್ಕಾದೆ. ನೀವೇ ಏಳ್ತೀರಿ ಅಂದ್ಕಂಡಿದ್ದೆ."

ಅವಳ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಹಿರಿಯ ಮಗಳ ತಲೆಯ ಮೇಲೆ ಪಾತ್ರೆಯ ಗಂಟು, ಸಾಬಣ್ಣನ ಹೆಗಲ ಮೇಲೆ ಬಿಲ್ಲು. ಕೆರೆ ಏರಿಯ ದಾರಿಯಲ್ಲಿ ಹೋದರು. ಆ ಹಾಸಿಗೆಯನ್ನು ಹೊಲಿಸಿದೆವು. ನಿಮ್ಮ ಅಪ್ಪನನ್ನು ಅದರ ಮೇಲೆಯೇ ಮಲಗಿಸಿದೆ.

ಮರುವರ್ಷವೂ ಅಮಲ್ದಾರರ ಕಚೇರಿಯಿಂದ ಸಕ್ಕರೆಗೆಂದು ಯಾರೋ ಬಂದರು. ಹಾಗೆಯೇ ಅದು ವರ್ಷವರ್ಷದ ಪದ್ಧತಿಯಾಯಿತು. ಸುತ್ತಲಿನ ಊರುಗಳಲ್ಲಿ ಗಲಾಟೆಯಾದಾಗ ನಮ್ಮ ಊರನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರಂತೆ. ನಿಜವಾಗಿಯೂ ಮತ್ತೆ ಯಾವತ್ತೂ ಅಲ್ಲಿ ಹೊಡೆದಾಟವಾಗಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ, ಅದಕ್ಕೇ ಬರೆದೆ.

ಮಾವ ಹೋದರು, ಅತ್ತೆ ಹೋದರು. ನಿಮ್ಮ ತಾತನೂ ಬೇಗನೆ ಹೋದರು. ಹೊಲ ಮನೆಯನ್ನೆಲ್ಲ ಮೈದುನನೇ ನೋಡಿಕೊಂಡ. ನಿಮ್ಮ ಅಪ್ಪನನ್ನು ಸಿರಾದ ಸ್ಕೂಲಿಗೆ ಹಾಕಿದವನು ಅವನೇ. ಒಳ್ಳೆಯ ಮನುಷ್ಯ. ಮಹಾರಾಜರ ಕಾಲ ಮುಗಿಯಿತು, ಇನ್ನು ಬೇರೆ ಸರ್ಕಾರ ಎಂದು ಜನ ಮಾತಾಡುತ್ತಿದ್ದ ದಿನಗಳು. ಉತ್ತರದ ಕಡೆ ಹಿಂದೂಗಳು, ಮುಸಲ್ಮಾನರು ಕಡಿದಾಡುತ್ತಿದ್ದಾರೆಂಬ ಸುದ್ದಿಯನ್ನು ಅವನು ಪೇಪರಿನಲ್ಲಿ ಓದಿ ಬಂದಿದ್ದ. ಊಟದ ಹೊತ್ತಿಗೆ ಜಗಲಿಯ ಮೇಲೆ ಕೂತು, ಸುಟ್ಟು ಸುಕ್ಕಾಗಿದ್ದ ಬಲಗೈಯನ್ನು ತಿಕ್ಕಿಕೊಳ್ಳುತ್ತ ಹೇಳಿದ.

"ನಮ್ಮೂರಲ್ಲಿ ಅಂಗೆ ಆಗ್ಲಿಲ್ಲ ನೋಡು ಅತ್ಗೆ. ಆ ಪಿಂಜಾರ ಒಬ್ಬ ಹಂಗ್ ಮಾಡ್ದ. ಅವ್ನು ಯಾಕಂಗೆ ಮಾಡ್ದ ಅಂತ ನಂಗೆ ಇವತ್ಗೂ ತಿಳೀಲಿಲ್ಲ. ಅಪ್ಪನ ಮ್ಯಾಲೆ ಸಿಟ್ಟಿದ್ರೆ ಅಪ್ಪನ್ನ ಹೊಡೀಬೇಕಿತ್ತು. ಎತ್ತು ಏನ್ ಮಾಡಿತ್ತು?"

ಅವನ ಮುಖ ನೋಡಿದೆ. ನಟನೆಯಿರಲಿಲ್ಲ. ಬೀಡಿ ಆರಿತೆಂದೇ ಅವನು ತಿಳಿದಿದ್ದ, ಅಷ್ಟು ವರ್ಷವೂ ತಿಳಿದಿದ್ದ. ಹಾಗಾಗಿ ಆವತ್ತು ಅವನ ಗಂಟಲಲ್ಲಿ ಸಕ್ಕರೆ ಸಲೀಸಾಗಿ ಇಳಿದಿತ್ತು. ಗೊತ್ತಿದ್ದೂ ನುಂಗಿದವಳು ಆ ಸಭೆಯಲ್ಲಿ ನಾನೊಬ್ಬಳೇ.

ಆಗಲಾದರೂ ಹೇಳಬಹುದಿತ್ತು. ಹೆದರಿಸಲು ಮಾವ ಇರಲಿಲ್ಲ, ಮೊಣಕಾಲ ಮೇಲೆ ಕೈಯಿಡಲು ಅತ್ತೆ ಇರಲಿಲ್ಲ. ಹೇಳಿದ್ದರೆ ಅವನು ಆ ದಿನವೇ ಗಾಡಿ ಕಟ್ಟಿಕೊಂಡು ಪಾವಗಡದ ಕಡೆ ಹೋಗಿ ಅವರನ್ನು ಹುಡುಕುತ್ತಿದ್ದ. ಅವನು ಅಂಥವನು. ಅವರ ಕಾಲಿಗೆ ಬಿದ್ದು, ಅವರನ್ನು ಕರೆತಂದು, ಬಾಬಯ್ಯನ ಗುಡಿಯ ಮುಂದೆ ನಿಂತ ಮೇಲೆ ಊರಿನವರು ಅವನನ್ನು ಕೇಳುತ್ತಿದ್ದರು, ನಿನಗೆ ಈಗ ಹೆಂಗೆ ಗೊತ್ತಾಯ್ತು, ಯಾರು ಕಂಡಿದ್ದರು ಎಂದು.

"ಸಾರು ಆರೋಗ್ತೈತೆ, ಏಳಪ್ಪ" ಎಂದೆ.

ಅವನು ಕೈ ತೊಳೆಯಲು ಎದ್ದ. ನಾನು ಒಳಗೆ ಹೋಗಿ ಮುದ್ದೆ ಬಡಿಸಿದೆ.